ಚಂದ್ರನ ತಮ್ಮ

ಗಡಿಯಾರಗಳು ಇನ್ನೂ ಹುಟ್ಟಿರದ, ಹೊತ್ತೆಷ್ಟಾಯಿತೆಂದು ಜನ ತಮ್ಮ ತಮ್ಮ ನೆರಳನ್ನೇ ಕೇಳಿಕೊಳ್ಳಬೇಕಾಗಿದ್ದ ಕಾಲದಲ್ಲಿ, ಆಕಾಶದಲ್ಲಿ ಇಬ್ಬರು ಚಂದ್ರರಿದ್ದರು. ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ದುಡಿಮೆಗಾರ. ಸಂಜೆಯಾದರೆ ಮೈತುಂಬ ಬೆಳಕು ಬಳಿದುಕೊಂಡು ಕೆಲಸಕ್ಕೆ ಹೊರಟುಬಿಡುವನು. ತಮ್ಮ ಅಣ್ಣನ ಭುಜಕ್ಕೆ ಗೋಂದಿನ ಹಾಗೆ ಅಂಟಿಕೊಂಡು, ಹಿಂದಿನಿಂದ ಅರ್ಧ ಮುಖ ಚಾಚಿ ಇಣುಕುತ್ತ ನಡೆಯುವನು. ಅಣ್ಣನಿಗೆ ಒಂದು ದಿನ ರೇಗಿತು. “ಹೀಗೇ ಅಂಟಿಕೊಂಡಿದ್ದರೆ ಯಾವ ಕಾಲಕ್ಕೆ ದೊಡ್ಡವನಾಗ್ತೀಯ? ಹೋಗು, ನಿಂದೇ ಒಂದು ಜಾಗ ನೋಡ್ಕೋ,” ಎಂದ. “ಹೋಗ್ತೀನಿ. ಯಾವತ್ತು ಅಂತ ಮಾತ್ರ ಹೇಳಲ್ಲ,” ಎಂದ ತಮ್ಮ. ನಮ್ಮ ಮನೆಯಲ್ಲಿ ಹುಟ್ಟಿದವರಿಗೆ ಯಾರಿಗಾದರೂ ಒಂದು ಸಂಜೆ ಅಣ್ಣ ಒಬ್ಬನೇ ಕಂಡರೆ, ತಮ್ಮ ಹೊರಟುಹೋದನೆಂದು ತಿಳಿಯಬೇಕು. ಅವನು ಎಲ್ಲಿಗೆ ಹೋದನೆಂಬುದನ್ನು, ಹಾಗೆ ಕಂಡವರೇ ಹೇಳಿ ಕಥೆ ಮುಗಿಸಬೇಕು.

ಅಜ್ಜಿಯ ಕಥೆ ಇಷ್ಟಕ್ಕೇ ನಿಲ್ಲುತ್ತಿತ್ತು. ಅಜ್ಜಿಗೆ ಅವಳ ಅಜ್ಜಿ ಹೇಳಿದ್ದೂ ಇಷ್ಟೇ. ಮುಂದಿನದನ್ನು ಹೇಳುವ ಹಕ್ಕು ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಇಬ್ಬರು ಚಂದ್ರರು ಕಾಣುತ್ತಿದ್ದರು. ಒಬ್ಬ ಸರಿಯಾಗಿ, ಇನ್ನೊಬ್ಬ ಅವನ ಭುಜದ ಹಿಂದೆ ಮಸುಕಾಗಿ. ದೀಪಗಳಿಗೆ ಮೀಸೆ ಇರುತ್ತಿತ್ತು. ಮರವೆಂದರೆ ಕಂಬದ ಮೇಲೆ ಕೂತ ಒಂದು ಹಸಿರು ಮೋಡ. ಇದರಲ್ಲಿ ವಿಶೇಷವೇನಾದರೂ ಇದೆಯೆಂದು ನಮಗೆ ಅನ್ನಿಸಿಯೇ ಇರಲಿಲ್ಲ. ಅಮ್ಮ ಹೊಸದಾಗಿ ಸೊಸೆಯಾಗಿ ಬಂದಾಗ ತಾರಸಿಯ ಮೇಲೆ ನಿಂತು, “ಒಂದೇ ಇದೆಯಲ್ಲ ಅತ್ತೆ,” ಎಂದಳಂತೆ. ಅಜ್ಜಿ ಅವಳ ಕೈ ಹಿಡಿದುಕೊಂಡು, “ಇರಲಿ ಬಿಡಮ್ಮ, ಎಲ್ಲರ ಕಣ್ಣೂ ಒಂದೇ ತರ ಇರುತ್ತಾ?” ಎಂದು ಸಮಾಧಾನ ಮಾಡಿದಳಂತೆ. ಅಪ್ಪ ಆಗ ತುಂಬ ದಿನ ಅಮ್ಮನನ್ನು ರಸ್ತೆ ದಾಟಿಸುವಾಗ ಕೈ ಬಿಡುತ್ತಿರಲಿಲ್ಲ. ಪಾಪ, ಹುಡುಗಿಗೆ ಅರ್ಧ ಲೋಕವೇ ಕಾಣಲ್ಲ ಎಂದು.

ನಮ್ಮದು ಗಡಿಯಾರ ರಿಪೇರಿ ಅಂಗಡಿ. ಅಜ್ಜಿಯ ಅಪ್ಪನದು, ಅಜ್ಜಿಯೂ ಬಹಳ ವರ್ಷ ಆ ಮೇಜಿನ ಮುಂದೆ ಕೂತವಳು. ಬಾಗಿಲಿನಿಂದ ಒಳಗೆ ಬಂದರೆ ಎಡಗಡೆ ಗೋಡೆ ಪೂರ್ತಿ ಗೂಟಗಳು, ಗೂಟಗಳಿಗೆ ನೇತುಬಿದ್ದ ಕೈಗಡಿಯಾರಗಳು. ಬಲಗಡೆ ಕಿಟಕಿ, ಕಿಟಕಿಯ ಕೆಳಗೆ ಎದೆಯೆತ್ತರದ ಮೇಜು. ಮೇಜಿನ ಅಂಚಿಗೆ, ಕೈಜಾರಿದ ಸ್ಕ್ರೂ ನೆಲಕ್ಕೆ ಬೀಳದಿರಲೆಂದು ತೆಳು ಪಟ್ಟಿ. ಬೇರೆ ಅಂಗಡಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಾರೆ. ನಮ್ಮಲ್ಲಿ ಭೂತಗನ್ನಡಿ ಎಂಬುದೇ ಇರಲಿಲ್ಲ. ನಾವು ಕನ್ನಡಕ ತೆಗೆದಿಟ್ಟು, ಗಡಿಯಾರವನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡುಬಿಟ್ಟರೆ, ಕೂದಲಿಗಿಂತ ಸಣ್ಣ ಸ್ಪ್ರಿಂಗು ಹಗ್ಗದಷ್ಟು ಸ್ಪಷ್ಟ. ದೂರದ್ದು ಕಾಣದ ಕಣ್ಣಿಗೆ ಹತ್ತಿರದ್ದು ಹಾಗೆ ಕಾಣುತ್ತದೆ. ಆದ್ದರಿಂದ ನಮ್ಮ ಮನೆಯ ಪದ್ಧತಿಯೇ ಬೇರೆ: ಮಕ್ಕಳಲ್ಲಿ ಯಾರ ಕಣ್ಣು ಹೆಚ್ಚು ಮಂದವೋ, ಮೇಜು ಅವರಿಗೆ. ಮೊದಲ ಕನ್ನಡಕ ಹಾಕಿಕೊಂಡು ಹೋದಾಗ ಶಾಲೆಯಲ್ಲಿ ನನ್ನನ್ನು ಸೋಡಾಬುಡ್ಡಿ ಎಂದು ಕರೆದರೆಂದು ನಾನು ಅಳುತ್ತ ಬಂದ ದಿನ ಅಪ್ಪನ ಮುಖ ಅರಳಿತ್ತು. “ಮೇಜು ಇವಳದೇ,” ಎಂದಿದ್ದ.

ಆ ಮೊದಲ ಕನ್ನಡಕ ಹಾಕಿಕೊಂಡ ಸಂಜೆಯೇ ನಾನು ತಾರಸಿಗೆ ಓಡಿದೆ. ಚಂದ್ರ ಒಬ್ಬನೇ ಇದ್ದ. ಮೆಟ್ಟಿಲುಗಳನ್ನು ಹಾರಿಕೊಂಡು ಇಳಿದು, “ಅಜ್ಜಿ, ತಮ್ಮ ಹೋದ. ಕಥೆ ಮುಗಿಸ್ತೀನಿ,” ಎಂದೆ.

“ಕನ್ನಡಕ ತೆಗಿ. ಈಗ ಹೋಗಿ ನೋಡ್ಕೊಂಡು ಬಾ.”

ಹೋಗಿ ನೋಡಿ ಬಂದೆ. ತಮ್ಮ ಅಲ್ಲೇ ಇದ್ದ, ಅಣ್ಣನ ಭುಜದ ಮೇಲೆ ಗಲ್ಲ ಊರಿಕೊಂಡು.

“ಕನ್ನಡಕ ನೋಡಿದ್ದನ್ನ ಕನ್ನಡಕವೇ ಹೇಳಲಿ, ಗೂಬೆಮರಿ. ನೀನು ನೋಡಿದ್ದನ್ನ ನೀನು ಹೇಳು,” ಎಂದಳು ಅಜ್ಜಿ. “ಗಾಜು ಏನು ಬೇಕಾದ್ರೂ ತೋರಿಸುತ್ತೆ. ಅದರ ಜೊತೇಲೇ ಬಾಳಿದೀನಿ ನಾನು.”

“ಹಾಗಾದ್ರೆ ಒಂದಿನ ಬರಿಗಣ್ಣಲ್ಲೇ ನೋಡಿ ಮುಗಿಸ್ತೀನಿ. ಮಾತು ಕೊಡ್ತೀನಿ.”

“ಹೂಂ,” ಎಂದಳು ಅಜ್ಜಿ. ಮಕ್ಕಳ ಮಾತಿಗೆ ಎಲ್ಲರೂ ಅನ್ನುವ ಹೂಂ ಅಲ್ಲ ಅದು. ಕಥೆ ಕೇಳುವವರು ಅನ್ನುವ ಹೂಂ. ಮುಂದೆ ಹೇಳು, ಕೇಳ್ತಿದೀನಿ ಎನ್ನುವುದು.

ಆ ಮಾತು ಕೊಟ್ಟು ನಾನು ಬೆಳೆದೆ, ಮೇಜಿಗೆ ಕೂತೆ. ಕನ್ನಡಕದ ಗಾಜು ವರ್ಷ ವರ್ಷ ದಪ್ಪವಾಗಿ, ಆಮೇಲೆ ಒಂದು ಕಡೆ ನಿಂತಿತು. ಅಜ್ಜಿಗೆ ವಯಸ್ಸಾಯಿತು. ಹೋದ ವರ್ಷ ಒಂದು ಬೆಳಿಗ್ಗೆ ಅವಳು ನನ್ನ ಮುಖ ನೋಡುತ್ತ, “ನಿನ್ನ ಮೂಗಿನ ಮೇಲೆ ಏನೇ ಅದು?” ಎಂದಳು. ಏನೂ ಇರಲಿಲ್ಲ. ಅಪ್ಪನ ಮೂಗಿನ ಮೇಲೂ ಅದೇ ಕಂಡಿತು, ಗೋಡೆಯ ಮೇಲೂ ಕಂಡಿತು. ಎತ್ತ ನೋಡಿದರೂ ನೋಟದ ನಡುಮಧ್ಯೆ ಬೂದುಬಣ್ಣದ ಒಂದು ಗುಂಡನೆಯ ಬಿಲ್ಲೆ. ಸುತ್ತ ಮಾತ್ರ ಒಂದಿಷ್ಟು ಬೆಳಕು, ಒಂದಿಷ್ಟು ಅಲುಗಾಟ.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಅವಳನ್ನು ಬಹಳ ಹೊತ್ತು ನೋಡಿದರು. “ಕಣ್ಣಿನ ಹಿಂದಿನ ಪರದೆ ನಡುವಲ್ಲಿ ಸವೆದುಹೋಗಿದೆ ಅಜ್ಜಿ. ಹೊಸದು ಹಾಕೋಕೆ ಬರಲ್ಲ,” ಎಂದು ಮೆಲ್ಲಗೆ ಹೇಳಿದರು.

“ಸ್ಪೇರ್ ಸಿಗಲ್ಲ ಅನ್ನಿ,” ಎಂದಳು ಅಜ್ಜಿ. “ನಾನೂ ಎಷ್ಟು ಜನಕ್ಕೆ ಹೇಳಿದೀನಿ ಆ ಮಾತ. ಇವತ್ತು ನಂಗೇ ಬಂತು.”

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಕನ್ನಡಕ ಕೇಳಿ ತೆಗೆದುಕೊಂಡು ಬೆಳಕಿಗೆ ಹಿಡಿದರು. “ಇಷ್ಟು ಭಾರ ಹೊತ್ಕೊಂಡು ಓಡಾಡ್ತೀಯಾ? ಪವರ್ ನಿಂತು ಎಷ್ಟು ದಿನ ಆಯ್ತು? ಲೇಸರ್‌ನಲ್ಲಿ ಸರಿಹೋಗಬಹುದು. ಎಲ್ಲರಿಗೂ ಆಗಲ್ಲ. ಅಳತೆ ಮಾಡಿ ನೋಡಬೇಕು.”

“ಬರಿಗಣ್ಣಲ್ಲಿ ಕಾಣುತ್ತಾ?”

“ಬರಿಗಣ್ಣಲ್ಲೇ.”

ಪಕ್ಕದಲ್ಲಿ ಕೂತಿದ್ದ ಅಜ್ಜಿ ಕುರ್ಚಿಯಲ್ಲಿ ನೆಟ್ಟಗಾದಳು. “ಹೂಂ?” ಎಂದಳು.

ಆ ರಾತ್ರಿ ಅಪ್ಪ ಊಟ ಮುಗಿಸಿದ. ಕೈ ತೊಳೆದು ಬಂದು ಹೇಳಿದ: “ಜನ ದುಡ್ಡು ಕೊಟ್ಟು ಭೂತಗನ್ನಡಿ ಕೊಳ್ತಾರೆ. ನಿಂಗೆ ಹುಟ್ಟುವಾಗಲೇ ಎರಡು ಬಂದಿವೆ. ದುಡ್ಡು ಕೊಟ್ಟು ಕಳ್ಕೊಂಡು ಬರ್ತೀಯಾ?”

ಅವನದು ಸುಳ್ಳಲ್ಲ. ದೂರದ್ದು ಬಂದರೆ ಹತ್ತಿರದ್ದು ಹೋಗುತ್ತದೆ ಎಂದು ಡಾಕ್ಟರಮ್ಮನೇ ಹೇಳಿದ್ದರು. ಎಲ್ಲರಿಗೂ ಕಾಣುವಷ್ಟು ಹತ್ತಿರ ಕಾಣುತ್ತದೆ, ಅಷ್ಟೇ. ಮೂಗಿನ ತುದಿಯ ಆ ಲೋಕ ಮುಚ್ಚಿಹೋಗುತ್ತದೆ.

“ಕಥೆ ಅರ್ಧಕ್ಕೇ ಬಿಟ್ಟು ನಾನು ಮೇಲೆ ಹೋದ್ರೆ ನಮ್ಮಜ್ಜಿ ನನ್ನ ಒಳಗೆ ಬಿಟ್ಕೊಳ್ಳಲ್ಲ ಕಣೋ,” ಎಂದಳು ಅಜ್ಜಿ ಅಪ್ಪನಿಗೆ. ಆಮೇಲೆ ನನಗೆ, ತಮಾಷೆಯಿಲ್ಲದೆ: “ನಂಗೋಸ್ಕರ ಹೋಗಬೇಡ. ಮಾತು ಕೊಟ್ಟಾಗ ನೀನು ಇಷ್ಟೇ ಇಷ್ಟುದ್ದ ಇದ್ದೆ.”

“ಅಷ್ಟುದ್ದ ಇದ್ದಾಗಲೇ ಕೊಟ್ಟಿದ್ದು, ಅದಕ್ಕೇ ಹೋಗ್ತೀನಿ,” ಎಂದೆ. ಮೇಜಿನ ಆಸೆ ನನಗೂ ಇತ್ತು. ಆದರೆ ಮೇಜು ಕಾಯುತ್ತದೆ. ಅಜ್ಜಿ ಎಷ್ಟು ದಿನ ಕಾದಾಳು?

ಅಳತೆಯ ದಿನ ನನ್ನ ಗಲ್ಲವನ್ನು ಒಂದು ಆಸರೆಯ ಮೇಲೆ ಇಡಿಸಿದರು. ಎದುರಿಗೆ ಹೊಳೆಯುವ ಬಟ್ಟಲು, ಅದರೊಳಗೆ ಒಂದರೊಳಗೊಂದು ಬೆಳಕಿನ ಉಂಗುರಗಳು, ನೀರಿಗೆ ಕಲ್ಲು ಬಿದ್ದಾಗ ಏಳುವಂಥವು. ಆ ಉಂಗುರಗಳು ನನ್ನ ಕಣ್ಣಿನ ಮೇಲೆ ಬಿದ್ದು ಹೇಗೆ ಸೊಟ್ಟಗಾಗುತ್ತವೆ ಎಂಬುದನ್ನು ಯಂತ್ರ ನೋಡಿಕೊಂಡು, ಪರದೆಯ ಮೇಲೆ ಒಂದು ನಕ್ಷೆ ಬರೆಯಿತು. ನನ್ನ ಕಣ್ಣು ಒಂದು ದೇಶದ ಹಾಗಿತ್ತು. ನೀಲಿ ತಗ್ಗು, ಹಸಿರು ಬಯಲು, ನಡುವೆ ಕೆಂಪಗೆ ಎರಡು ಬಟ್ಟಲುಗಳನ್ನು ಬುಡಕ್ಕೆ ಬುಡ ಅಂಟಿಸಿದಂಥ ಆಕಾರ.

“ಚೆಂಡಿನ ಹಾಗೆ ಗುಂಡಗಿರಬೇಕಿತ್ತು,” ಎಂದರು ಡಾಕ್ಟರಮ್ಮ. “ನಿಂದು ಚಮಚದ ಬೆನ್ನಿನ ಹಾಗಿದೆ. ಒಂದು ಕಡೆ ಹೆಚ್ಚು ಬಾಗಿದೆ, ಇನ್ನೊಂದು ಕಡೆ ಕಮ್ಮಿ. ಅದಕ್ಕೇ ಒಂದು ಬೆಳಕು ಎರಡಾಗಿ ಬೀಳುತ್ತೆ.”

ಅಪ್ಪ ನನ್ನ ಬೆನ್ನ ಹಿಂದಿನಿಂದ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. “ಮರಳುಗಡಿಯಾರ,” ಎಂದ. ಹೌದು, ಹಾಗೆಯೇ ಇತ್ತು. ನಮ್ಮ ಮನೆಯವರ ಕಣ್ಣೊಳಗೆ ಇಷ್ಟು ಕಾಲದಿಂದ ಒಂದು ಗಡಿಯಾರವಿತ್ತು; ರಿಪೇರಿಯವರಾದ ನಾವೇ ನೋಡಿರಲಿಲ್ಲ.

“ಕಣ್ಣಿನ ಪದರದ ದಪ್ಪ ಸಾಕಾಗುತ್ತೆ,” ಎಂದರು ಡಾಕ್ಟರಮ್ಮ ಇನ್ನೊಂದು ಪರದೆ ನೋಡುತ್ತ. “ಮಾಡಬಹುದು.”

ಚಿಕಿತ್ಸೆಯ ಕೋಣೆ ತಣ್ಣಗಿತ್ತು. ಕಿಟಕಿಯಿಲ್ಲ, ಧೂಳಿಲ್ಲ. ಮಲಗುವ ಹಾಸಿಗೆಯೇ ಮೆಲ್ಲಗೆ ಜಾರಿ ಯಂತ್ರದ ಕೆಳಗೆ ಹೋಯಿತು. ಕಣ್ಣಿಗೆ ಹನಿ ಬಿತ್ತು, ಕಣ್ಣು ನನ್ನದಲ್ಲದ ಹಾಗಾಯಿತು. ರೆಪ್ಪೆಗಳು ಮುಚ್ಚದಂತೆ ಸಣ್ಣದೊಂದು ಕ್ಲಿಪ್ ಹಾಕಿದರು. “ಈಗ ಒತ್ತಿದ ಹಾಗಾಗುತ್ತೆ. ಸ್ವಲ್ಪ ಹೊತ್ತು ಕತ್ತಲಾಗುತ್ತೆ. ಹೆದರಬೇಡ,” ಎಂಬ ದನಿ ಬಂತು. ಕಣ್ಣು ತೆರೆದೇ ಇದ್ದಾಗ ಕತ್ತಲು ಬಂದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅಂಚಿನಿಂದ ನಡುವಿಗೆ ಯಾರೋ ಬೆಳಕನ್ನು ಮಡಚಿಕೊಂಡು ಹೋದರು. ಅಜ್ಜಿ ನೆನಪಾದಳು.

ಬೆಳಕು ಮರಳಿದಾಗ ಅದು ನೀರಿನೊಳಗಿನ ಬೆಳಕು. ಕಣ್ಣಿನ ಮೇಲಿನ ಪದರವೊಂದನ್ನು, ಹಾಳೆ ತಿರುವಿದಂತೆ, ಎತ್ತಿ ಪಕ್ಕಕ್ಕಿಟ್ಟಿದ್ದರು. ಮೇಲೆ ಹಸಿರು ದೀಪವೊಂದು ಚದುರಿ ಹೋಗಿ ಇಡೀ ಹೊಂಡವಾಗಿತ್ತು. “ಆ ಹಸಿರನ್ನೇ ನೋಡ್ತಿರು. ಕಣ್ಣು ಸ್ವಲ್ಪ ಅಲುಗಿದ್ರೂ ಯೋಚನೆ ಇಲ್ಲ, ಬೆಳಕು ನಿನ್ನ ಜೊತೇಲೇ ಬರುತ್ತೆ. ಜಾಸ್ತಿ ಅಲುಗಿದ್ರೆ ತಾನೇ ನಿಂತುಬಿಡುತ್ತೆ.”

ಬೆಳಕು ನನ್ನ ಜೊತೆಯಲ್ಲಿ ಬರುತ್ತದೆ. ಕೆಲಸ ಮಾಡುವ ಬೆಳಕು ನನಗೆ ಕಾಣಲೂ ಇಲ್ಲ. ಅದು ಕಣ್ಣಿಗೆ ಕಾಣದ ಬೆಳಕಂತೆ. ಕೇಳಿಸಿದ್ದು ಅದರ ಸದ್ದು ಮಾತ್ರ, ಟಿಕ್ಕಟಿಕ್ಕಟಿಕ್ಕ, ಓಡಲು ಅವಸರಪಡುವ ಗಡಿಯಾರದ ಹಾಗೆ. ಕೂದಲು ಸುಟ್ಟಂಥ ವಾಸನೆ ಬಂತು. ಕೂದಲೆಳೆಗಿಂತ ತೆಳುವಾಗಿ, ಬಾಗಿದ ಕಡೆ ಹೆಚ್ಚು, ಬಾಗದ ಕಡೆ ಕಮ್ಮಿ, ಅಳೆದು ಅಳೆದು ಅದು ನನ್ನ ಕಣ್ಣನ್ನು ಸವರುತ್ತಿತ್ತು. ಅಪ್ಪನ ಚಿಮಟ ಕೂಡ ಅಷ್ಟು ಹಗುರಾಗಿ ಏನನ್ನೂ ಮುಟ್ಟಿದ್ದಿಲ್ಲ. ಬೆಳಕಿಗೆ ಈ ನಯ ಕಲಿಸಿದವರು ಯಾರು? ಹೆದರಿಕೆ ಸರಿಯಾಗಿ ಶುರುವಾಗುವ ಮೊದಲೇ ಸದ್ದು ನಿಂತಿತು. ಪದರವನ್ನು ಮತ್ತೆ ಮುಚ್ಚಿ, ಮೃದುವಾದ ಕುಂಚದಂಥದ್ದರಿಂದ ನೇವರಿಸಿ ಕೂರಿಸಿದರು. ಆಮೇಲೆ ಇನ್ನೊಂದು ಕಣ್ಣು.

ಹೊರಗೆ ಅಪ್ಪ ಗಾಜಿನ ಆಚೆ ನಿಂತು ಎಲ್ಲವನ್ನೂ ಟಿವಿಯಲ್ಲಿ ನೋಡಿದ್ದ. ಆಟೋದಲ್ಲಿ ಮನೆಗೆ ಬರುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ, ಕಣ್ಣಲ್ಲಿ ಮೆಣಸಿನಪುಡಿ ಬಿದ್ದ ಹಾಗೆ ನೀರು ಸುರಿಯುತ್ತಿತ್ತು. ಅಪ್ಪ ನನ್ನ ಮೊಣಕೈ ಹಿಡಿದುಕೊಂಡು ಕೂತಿದ್ದ.

“ಮುಚ್ಚಳ ತೆಗೆದ್ರು,” ಎಂದ. “ಒಳಗೆ ಸರಿಮಾಡಿದ್ರು. ಮುಚ್ಚಳ ಹಾಕಿದ್ರು. ಒಂದು ಸ್ಕ್ರೂ ಇಲ್ಲ ಕಣೇ. ಒಂದು ಹೊಲಿಗೆ ಇಲ್ಲ. ತಾನೇ ಹಿಡ್ಕೊಳ್ಳುತ್ತಂತೆ.” ಮತ್ತೆ, ತನಗೆ ತಾನೇ, “ಒಂದು ಸ್ಕ್ರೂ ಇಲ್ಲ,” ಎಂದ.

ಮರುದಿನ ಬೆಳಿಗ್ಗೆ ಎಚ್ಚರವಾದಾಗ, ಎಂದಿನಂತೆ ದಿಂಬಿನ ಪಕ್ಕ ಕನ್ನಡಕಕ್ಕಾಗಿ ಕೈ ತಡಕಿತು. ಸಿಗಲಿಲ್ಲ. ತಡಕುತ್ತಲೇ ಎದುರು ಗೋಡೆಯ ಗಡಿಯಾರ ನೋಡಿದೆ. ಸೆಕೆಂಡಿನ ಮುಳ್ಳು ಓಡುತ್ತಿತ್ತು. ಕೈ ಅಲ್ಲೇ ನಿಂತಿತು. ಕಣ್ಣಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಕವಚದ ಮೂಲಕವೇ ಅಷ್ಟು ಸ್ಪಷ್ಟವಾಗಿ ಕಂಡಿತ್ತು. ಅಮ್ಮ ಬಂದು ಅದನ್ನು ಬಿಚ್ಚಿ ಹನಿ ಹಾಕಿದ ಮೇಲೆ ಕಿಟಕಿಗೆ ಹೋದೆ. ರಸ್ತೆಯಾಚೆಯ ಮರಕ್ಕೆ ಎಲೆಗಳಿದ್ದವು. ಒಂದೊಂದೂ ಬೇರೆ ಬೇರೆ, ಒಂದರ ಹಿಂದೆ ಒಂದು, ತುತ್ತತುದಿಯವರೆಗೆ. ಕನ್ನಡಕದಲ್ಲಿ ನೋಡಿರಲಿಲ್ಲವೆಂದಲ್ಲ. ಆದರೆ ಕನ್ನಡಕದ ಎಲೆ ಚೌಕಟ್ಟಿನೊಳಗಿನದು. ಇವಕ್ಕೆ ಅಂಚೇ ಇರಲಿಲ್ಲ. ಕಣ್ಣು ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೂ ಎಲೆಗಳೇ.

“ಇದನ್ನೆಲ್ಲ ನೀನು ದಿನಾ ನೋಡ್ತೀಯಾ?” ಎಂದು ಅಮ್ಮನನ್ನು ಕೇಳಿದೆ.

“ಏನನ್ನ?” ಎಂದಳು ಅಮ್ಮ. ಆಮೇಲೆ ಅವಳೂ ನನ್ನ ಪಕ್ಕ ನಿಂತು, ಮೊದಲ ಸಲ ನೋಡುವವಳ ಹಾಗೆ ಆ ಮರವನ್ನು ನೋಡಿದಳು.

ಆ ವಾರದ ಕೊನೆಗೆ ಪಡುವಲಲ್ಲಿ ಎಳೆಚಂದ್ರ ಬಂದ. ಅಜ್ಜಿ ಕೆಳಗೆ ಕಾಯುತ್ತಿದ್ದಳು. ನಾನು ತಾರಸಿಗೆ ಹೋಗಿ ತಲೆಯೆತ್ತಿದೆ. ತೆಳ್ಳಗಿನ ಅಣ್ಣ. ಅವನ ಬೆನ್ನಿಗೆ, ಹೊಗೆಯ ಎಳೆಯಷ್ಟು ಮಸುಕಾಗಿ, ತಮ್ಮ.

ಕಣ್ಣು ಪಿಳುಕಿಸಿದೆ. ಹೋಗಲಿಲ್ಲ. ಮೇಜು ಬಿಟ್ಟುಕೊಟ್ಟು ತಂದದ್ದು ಇದನ್ನೇ ಎನ್ನಿಸಿತು. ಇಳಿದು ಬಂದು ಅಜ್ಜಿಯ ಮುಂದೆ ನಿಂತೆ. ಒಂದೇ ಇದೆ ಎನ್ನಬಹುದಿತ್ತು. ಅವಳು ಹೋಗಿ ನೋಡುವ ಹಾಗಿರಲಿಲ್ಲ.

“ಇನ್ನೂ ಇದಾನೆ ಅಜ್ಜಿ,” ಎಂದೆ. “ಬಹಳ ತೆಳ್ಳಗಾಗಿದಾನೆ.”

“ಗಂಟು ಕಟ್ತಿದಾನೆ ಬಿಡು,” ಎಂದಳು ಅಜ್ಜಿ. “ಅಷ್ಟು ವರ್ಷ ಇದ್ದ ಮನೆ. ಚಪ್ಪಲಿ ಹುಡುಕೋಕೇ ಹೊತ್ತು ಬೇಕು.”

ಡಾಕ್ಟರಮ್ಮ ಕಣ್ಣು ನೋಡಿ, ಒಣಗಿದೆ, ಗಾಯ ಇನ್ನೂ ಮಾಗಬೇಕು, ಅಲ್ಲಿಯವರೆಗೆ ಬೆಳಕು ಚದುರುತ್ತದೆ ಎಂದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ, “ನಿಮ್ಮ ಅಂಗಡೀಲಿ ಗಡಿಯಾರ ಸರಿಮಾಡಿದ ಕೂಡಲೇ ಕೊಟ್ಟು ಕಳಿಸ್ತೀರಾ?” ಎಂದರು.

“ಇಲ್ಲ. ಗೂಟಕ್ಕೆ ಹಾಕಿ ಕೆಲವು ದಿನ ನೋಡ್ತೀವಿ.”

“ಇದನ್ನೂ ಗೂಟಕ್ಕೆ ಹಾಕಿದೀವಿ ಅಂದ್ಕೋ.”

ಹಾಗೆ ಗೂಟದಲ್ಲಿದ್ದ ದಿನಗಳಲ್ಲೇ ನಾನು ಅಂಗಡಿಗೆ ಮರಳಿದೆ. ಗಡಿಯಾರದ ಮುಚ್ಚಳ ತೆಗೆದು, ಅಭ್ಯಾಸದಂತೆ ಮೂಗಿನ ಹತ್ತಿರ ತಂದುಕೊಂಡೆ. ಒಳಗೆ ಬರೀ ಹೊಳಪಿನ ಮಂಜು. ದೂರ ಹಿಡಿದರೆ ಕಾಣುತ್ತದೆ, ಆದರೆ ಸಾಸಿವೆಯ ಚೂರಿನ ಹಾಗೆ. ಸ್ಪ್ರಿಂಗು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ಗೊತ್ತಾಗಲಿಲ್ಲ. ಅಪ್ಪ ಎಲ್ಲವನ್ನೂ ನೋಡುತ್ತಿದ್ದ. ಎದ್ದು ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ನನ್ನ ಮುಂದೆ ತಳ್ಳಿದ. ಒಳಗೆ ಕಪ್ಪು ಕೊಳವೆಯ ಹೊಸ ಭೂತಗನ್ನಡಿ.

“ಇದನ್ನ ಕೊಳ್ಳೋಕೆ ಹೋದಾಗ ಆ ಅಂಗಡಿಯವನು ನನ್ನ ಮುಖ ನೋಡಿ ನೋಡಿ ನಕ್ಕ,” ಎಂದ. “ಕೊನೆಗೂ ನಮ್ಮ ಜಾತಿಗೆ ಬಂದ್ರಾ ಅಂದ.”

“ಅಪ್ಪ, ಮೇಜು?”

“ಮೇಜು ಎಲ್ಲಿಗೆ ಹೋಗುತ್ತೆ? ಕೈ ನಿಂದೇ ತಾನೇ? ಕೈಗೇನೂ ಲೇಸರ್ ಹಾಕಿಲ್ಲವಲ್ಲ.” ನಾನು ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡೆ. ಮುಚ್ಚಿಹೋಗಿದ್ದ ಲೋಕ ತೆರೆಯಿತು. ಅಪ್ಪ ತಾನೂ ಒಮ್ಮೆ ಹಾಕಿ ನೋಡಿ, “ಪರವಾಗಿಲ್ಲ. ನಮ್ಮ ಕಣ್ಣಿನಷ್ಟಿಲ್ಲ,” ಎಂದು ಕೊಟ್ಟ.

ಆ ಹುಣ್ಣಿಮೆಗೆ ಮೋಡವಿತ್ತು. ಮುಂದಿನ ಹುಣ್ಣಿಮೆಯ ಸಂಜೆ ಅಜ್ಜಿ ತಾನೂ ಮೇಲೆ ಬರುತ್ತೇನೆಂದು ಹಟ ಹಿಡಿದಳು. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ ಹಿಡಿದು ತಾರಸಿಗೆ ಹತ್ತಿಸಿ ಕುರ್ಚಿಯಲ್ಲಿ ಕೂರಿಸಿದರು. ಒಣಹಾಕಿದ್ದ ಬಟ್ಟೆಗಳನ್ನು ಅಮ್ಮ ಪಕ್ಕಕ್ಕೆ ಸರಿಸಿದಳು. ಎದುರು ಕಟ್ಟಡಗಳ ನೀರಿನ ಟ್ಯಾಂಕುಗಳ ನಡುವೆ ಆಕಾಶ ಮೊದಲು ಕೆಂಪಾಗಿ, ಆಮೇಲೆ ಹಾಲಿನ ಬಣ್ಣಕ್ಕೆ ತಿರುಗಿತು.

ಅವನು ಬಂದ.

ಒಬ್ಬನೇ. ಕತ್ತರಿಸಿ ಇಟ್ಟಂಥ ಅಂಚು. ಭುಜದ ಹಿಂದೆ ಯಾರೂ ಇಲ್ಲ, ಬರೀ ಆಕಾಶ. ಮುಖದ ಮೇಲಿನ ಕಲೆಗಳು, ಕಲೆಗಳ ಅಂಚಿನ ಬೂದು, ಎಲ್ಲವೂ ಕಂಡವು. ನನಗೂ ಅವನಿಗೂ ನಡುವೆ ಗಾಜಿರಲಿಲ್ಲ, ಏನೂ ಇರಲಿಲ್ಲ. ಅಷ್ಟು ದೂರದಿಂದ ಹೊರಟ ಬೆಳಕು ದಾರಿಯಲ್ಲೆಲ್ಲೂ ಚದುರದೆ ಸೀದಾ ನನ್ನೊಳಗೆ ಬಂದು ಇಳಿಯಿತು. ಅವನು ಅಷ್ಟು ಒಂಟಿಯಾಗಿದ್ದನೆಂದು ನನಗೆ ಗೊತ್ತಿರಲಿಲ್ಲ.

“ಏನೇ ಗೂಬೆಮರಿ, ಉಸಿರೇ ಇಲ್ಲ?”

“ಒಬ್ಬನೇ ಇದಾನೆ ಅಜ್ಜಿ.”

ಅಪ್ಪ ತನ್ನ ಕನ್ನಡಕ ತೆಗೆದು ಮೇಲೆ ನೋಡಿದ, ಮತ್ತೆ ಹಾಕಿಕೊಂಡ. ಅಜ್ಜಿ ಸೆರಗು ಹೊದ್ದು ಸರಿಯಾಗಿ ಕೂತಳು.

“ಹಾಗಾದ್ರೆ ಹೇಳು. ಎಲ್ಲಿಗೆ ಹೋದ?”

ಇಷ್ಟು ವರ್ಷ ಎಷ್ಟೋ ಕೊನೆಗಳನ್ನು ಕಟ್ಟಿಟ್ಟುಕೊಂಡಿದ್ದೆ. ಸಮುದ್ರಕ್ಕೆ ಬಿದ್ದ, ನಕ್ಷತ್ರದ ಮನೆಗೆ ಅಳಿಯನಾಗಿ ಹೋದ, ಹೀಗೆಲ್ಲ. ಈಗ ಒಂದೂ ಬೇಕೆನ್ನಿಸಲಿಲ್ಲ. ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತು, ಅವಳ ಮೊಣಕಾಲಿಗೆ ಕೈಯಿಟ್ಟೆ.

“ಅಣ್ಣ ಬೈದನಲ್ಲ, ಆವತ್ತೇ ಅವನು ಹೊರಟುಬಿಟ್ಟಿದ್ದ ಅಜ್ಜಿ. ಆಕಾಶದಲ್ಲಿ ಇರಲೇ ಇಲ್ಲ.”

“ಹೂಂ.”

“ಇಳಿದು ಬಂದ. ಇರೋಕೆ ಜಾಗ ಹುಡುಕಿದ. ಒಂದು ಗಡಿಯಾರದ ಅಂಗಡಿ ಸಿಕ್ತು. ಆ ಮನೆಯವರ ಕಣ್ಣು ಸ್ವಲ್ಪ ಸೊಟ್ಟಗಿತ್ತು, ಒರಗಿಕೊಳ್ಳೋಕೆ ಚೆನ್ನಾಗಿತ್ತು. ಅಲ್ಲೇ ಉಳಿದ. ಅಜ್ಜಿಯಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಮನೆ ಬದಲಾಯಿಸ್ತಾ ಬಂದ. ಸಂಜೆಯಾದ್ರೆ ಕಣ್ಣಿನ ಕಿಟಕಿಯಿಂದ ಅಣ್ಣನ್ನ ನೋಡೋನು. ನಮಗೆ ಕಾಣ್ತಿದ್ದಿದ್ದು ಅವನ ನೆರಳು.”

“ಬಾಡಿಗೆ ಕೊಡದೆ,” ಎಂದಳು ಅಜ್ಜಿ. “ಹೂಂ. ಆಮೇಲೆ?”

“ಆಮೇಲೆ ಒಂದಿನ ಒಂದು ಹುಡುಗಿ ಕಿಟಕಿ ನೆಟ್ಟಗೆ ಮಾಡಿಸಿದಳು. ಒರಗೋಕೆ ಜಾಗ ಇಲ್ಲದ ಹಾಗಾಯ್ತು. ಅವನು ಗಂಟು ಕಟ್ಕೊಂಡ, ಚಪ್ಪಲಿ ಹುಡುಕಿದ, ಹೊರಟ. ಆದ್ರೆ ದೂರ ಹೋಗೋಕೆ ಮನಸ್ಸು ಬರಲಿಲ್ಲ. ಅವನೂ ಈಗ ದೊಡ್ಡವನು, ಕೂದಲು ಬೆಳ್ಳಗಾಗಿತ್ತು. ತನ್ನ ಕಥೆಯನ್ನ ಇಷ್ಟು ವರ್ಷ ಯಾರು ಹೇಳ್ಕೊಂಡು ಬಂದ್ರೋ ಅವರ ಮನೆಗೇ ಹೋದ. ಹೋದ ವರ್ಷವೇ ಅಲ್ಲಿ ಜಾಗ ಹಿಡಿದಿಟ್ಟಿದ್ದ. ಅಲ್ಲಿ ಇನ್ನು ಮೂಲೇಲಿ ಇಣುಕಲ್ಲ. ನಡುಮಧ್ಯೆ, ಜಗಲಿ ಮೇಲೆ ಯಜಮಾನನ ಹಾಗೆ ಕೂತಿದಾನೆ. ಬೂದು ಬಣ್ಣಕ್ಕೆ, ಗುಂಡಗೆ. ಅವರು ಎತ್ತ ನೋಡಿದರೂ ಮುಂದೆ ಅವನೇ ಇರ್ತಾನೆ.”

ಅಜ್ಜಿ ಹೂಂ ಅನ್ನಲಿಲ್ಲ. ಮುಖವನ್ನು ನಿಧಾನವಾಗಿ ಮೇಲೆತ್ತಿ, ಬೆಳಕು ಬರುವ ಕಡೆಗೆ ತಿರುಗಿಸಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಆಮೇಲೆ ನನ್ನ ಕಡೆಗೆ. ನನ್ನ ಮುಖ ಅವಳಿಗೆ ಎಲ್ಲಿದೆಯೋ ಅಲ್ಲಿ ಆ ಬಿಲ್ಲೆಯೂ ಇತ್ತು. ಬಹಳ ಹೊತ್ತು, ಬಹುದಿನದ ಮೇಲೆ ಮನೆಗೆ ಬಂದ ನೆಂಟನನ್ನು ನೋಡುವ ಹಾಗೆ, ಅದನ್ನೇ ನೋಡಿದಳು. ತುಟಿಯ ಕೊನೆಯಲ್ಲಿ ನಗು ಮೂಡಿತು.

“ನೀನೇನೋ,” ಎಂದಳು ಮೆಲ್ಲಗೆ, ನನಗಲ್ಲ.

ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಕಥೆ ಮುಗಿಯಿತೆಂದು ಒಪ್ಪಿಕೊಳ್ಳುವವರು ಅನ್ನುವಂತೆ, ದೀರ್ಘವಾಗಿ, “ಹೂಂ,” ಎಂದಳು.